ಬುಷಿಂಗ್ ಮೇಲೆ ನಂಬರ್ ಯಾಕಿಲ್ಲ?

ಲೇತ್ ಮೇಲೆ ಮರದ ಪೆನ್ನು ಕಡೆಯುವುದು ಖುಷಿಯ ಕೆಲಸ. ಅದಕ್ಕೆ ಬೇಕಾದ ಚಿಲ್ಲರೆ ಸಾಮಾನು ಹುಡುಕುವುದಿದೆಯಲ್ಲ, ಅದೇ ತಲೆನೋವು.

ತೀರಾ ಸರಳವಾದ ಸ್ಲಿಮ್‌ಲೈನ್ ಪೆನ್ನನ್ನೇ ತೆಗೆದುಕೊಳ್ಳಿ. ಎರಡು ಹಿತ್ತಾಳೆ ಕೊಳವೆ, ತುದಿ, ತಿರುಗಿಸುವ ಮೆಕ್ಯಾನಿಸಂ, ನಡುವಿನ ಉಂಗುರ, ಕ್ಲಿಪ್, ಕ್ಯಾಪ್, ರೀಫಿಲ್. ಕೊಳವೆ ಕೂರಿಸಲು ಮರಕ್ಕೆ ತೂತು ಕೊರೆಯುವುದಕ್ಕೆ 7 ಮಿ.ಮೀ. ಡ್ರಿಲ್ ಬಿಟ್. ಬೇರೆ ಮಾದರಿಗೆ ಹೋದರೆ ಕೊಳವೆ, ಬಿಟ್, ಬುಷಿಂಗ್ ಎಲ್ಲವೂ ಬೇರೆಯಾಗಬಹುದು.

ನನ್ನ ಸಿಟ್ಟೆಲ್ಲ ಈ ಬುಷಿಂಗ್ ಮೇಲೆ. ಲೇತ್‌ನಲ್ಲಿ ಮರವನ್ನು ಹಿಡಿದು ತಿರುಗಿಸುವ ಸರಳಿಗೆ, ಅಂದರೆ ಮ್ಯಾಂಡ್ರೆಲ್‌ಗೆ, ಮರದ ತುದಿಗಳಲ್ಲಿ ಪೋಣಿಸುವ ಪುಟ್ಟ ಉಕ್ಕಿನ ತುಂಡುಗಳಿವು. ಮರವನ್ನು ಎಲ್ಲಿವರೆಗೆ ಕಡೆಯಬೇಕು ಅಂತ ತೋರಿಸುವುದೇ ಇವು. ಎರಡು ಮಾದರಿಯ ಬುಷಿಂಗ್ ಅಂಗೈಲಿಟ್ಟು ನೋಡಿ, ಎಷ್ಟೋ ಸಲ ವ್ಯತ್ಯಾಸವೇ ಕಾಣುವುದಿಲ್ಲ. ಕ್ಯಾಲಿಪರ್ ಹಿಡಿದರೆ ಮಾತ್ರ 0.2 ಮಿ.ಮೀ. ಫರಕು! ಅಷ್ಟು ತಪ್ಪಿದರೂ ಸಾಕು, ಮರ ಮತ್ತು ಲೋಹ ಸೇರುವ ಜಾಗ ಉಗುರಿಗೆ ತಡೆಯುತ್ತದೆ. ಬರೆಯುವಾಗಲೆಲ್ಲ ಬೆರಳಿಗೆ ಅದೇ ಗೊತ್ತಾಗುತ್ತದೆ.

ಇಷ್ಟು ಮುಖ್ಯವಾದ ವಸ್ತುವಿನ ಮೇಲೆ ಒಂದು ನಂಬರ್ ಕೆತ್ತಲು ತಯಾರಿಸುವವರಿಗೆ ಏನು ಕಷ್ಟ? ನನಗೆ ಸಿಕ್ಕಿದ ಬಹುಪಾಲು ಬುಷಿಂಗ್‌ಗಳ ನಂಬರ್ ಇದ್ದದ್ದು ಪ್ಲಾಸ್ಟಿಕ್ ಕವರ್ ಮೇಲೆ. ಕವರ್ ಹರಿದ ಮೇಲೆ ಅದು ಯಾವ ಪೆನ್ನಿನದು ಅಂತ ಹೇಳೋರಿಲ್ಲ.

ಖಾನೆಗಳಿರುವ ಡಬ್ಬಿಗಳೂ ಅಷ್ಟೇ. ಮುಚ್ಚಳಕ್ಕೂ ಖಾನೆಯ ಗೋಡೆಗೂ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಡಬ್ಬಿ ಸ್ವಲ್ಪ ವಾಲಿದರೆ ತೆಳ್ಳಗಿನ ಉಂಗುರ ಪಕ್ಕದ ಖಾನೆಗೆ ಜಾರುತ್ತದೆ. ಬಣ್ಣ ಬೇರೆಯಾದರೆ ಪರವಾಗಿಲ್ಲ. ಎರಡೂ ಕ್ರೋಮ್ ಆದರೆ?

ಈಗ ಬುಷಿಂಗ್‌ಗಳ ಪ್ರತಿ ಜೋಡಿಗೂ ಒಂದು ಜಿಪ್ ಕವರ್. ಮಾದರಿ, ಬಿಟ್ ಅಳತೆ ಬರೆದ ಚೀಟಿ ಒಳಗೇ ಇರುತ್ತದೆ. ಹೊರಗೆ ಬರೆದರೆ ಕೈ ತಗಲಿ ಅಳಿಸಿಹೋಗುತ್ತದೆ. ಇದನ್ನು ಕಾರ್ಖಾನೆಯವರೇ ಮಾಡಬಹುದಿತ್ತು, ಅಲ್ವಾ?