ಗಾಡಿ ಕೆಟ್ಟೋಯ್ತಾ?

ಮಂಡ್ಯ ಕಡೆ ಹಳ್ಳಿಯಲ್ಲಿ ಸುಮ್ನೆ ನಡೆಯೋಕಾಗಲ್ಲ. ದಾರಿ ಇಲ್ಲ ಅಂತಲ್ಲ. ನಾಲೆ ಏರಿ ಇದೆ, ಗದ್ದೆ ಬದು ಇದೆ, ತಲೆ ಮೇಲೆ ಹೊಂಗೆ ನೆರಳೂ ಇದೆ. ಆದರೆ ಸುಮ್ನೆ ನಡೀತಿದ್ದೀವಿ ಅಂದರೆ ಅಲ್ಲಿ ಯಾರೂ ನಂಬುವುದಿಲ್ಲ.

ಇದು ನಮಗೆ ಗೊತ್ತಾಗಿದ್ದು ಫೆಬ್ರವರಿಯ ಒಂದು ಭಾನುವಾರ. ಮೈಸೂರಿನವರಾದ ನಮಗೆ ನಡೆಯುವುದು ಅಂದರೆ ಕುಕ್ಕರಹಳ್ಳಿ ಕೆರೆ. ಬೆಳಿಗ್ಗೆ ಆರಕ್ಕೆ ಹೋದರೆ ಅರ್ಧ ಮೈಸೂರು ಅಲ್ಲಿ ಕೈ ಬೀಸಿಕೊಂಡು ಓಡಾಡುತ್ತಿರುತ್ತದೆ. ಯಾಕೆ ನಡೀತಿದ್ದೀರಿ ಅಂತ ಒಬ್ಬರೂ ಕೇಳಲ್ಲ. ಕೇಳಿದರೂ ಉತ್ತರ ಒಂದೇ, ಶುಗರ್. ಮಕ್ಕಳಿಗೆ ಚಾಮುಂಡಿ ಬೆಟ್ಟ ಹತ್ತಿಸಲು ಹೋಗಿದ್ದೂ ಆಗಿತ್ತು. ಸಾವಿರ ಮೆಟ್ಟಿಲಲ್ಲಿ ಏಳುನೂರರ ಹತ್ತಿರ ದೊಡ್ಡ ದೇವರಾಜ ಒಡೆಯರ ಕಾಲದ ನಂದಿ ಇದೆ. ನನ್ನ ಮಗ ಎಂಬತ್ತರಲ್ಲೇ ಕಾಲು ಮಡಿಸಿ ಕೂತ. ಆ ನಂದಿಯನ್ನಾದರೂ ಏಳಿಸಬಹುದಿತ್ತು.

ಹಾಗಾಗಿ ನಾಲೆ ಏರಿ ನನ್ನ ಐಡಿಯಾ. ನೀರು ಬೆಟ್ಟ ಹತ್ತಲ್ಲ, ಅದರ ಪಕ್ಕದ ದಾರಿಯೂ ಹತ್ತಲ್ಲ. ಮಕ್ಕಳು, ಮುದುಕರು ಯಾರು ಬೇಕಾದರೂ ನಡೆಯಬಹುದು. ನಾವು ಒಟ್ಟು ಐದು ಜನ. ನಾನು, ನನ್ನಾಕೆ, ಮಗಳು, ಮಗ ಮತ್ತು ನಮ್ಮತ್ತೆ. ಅತ್ತೆಯ ತವರು ಪಾಂಡವಪುರದ ಕಡೆ. ಅವರು ನನ್ನ ಹತ್ತಿರ ನೇರವಾಗಿ ಮಾತಾಡುವುದು ಕಡಿಮೆ. ತಮ್ಮ ಮಗಳಿಗೆ, ಅಂದರೆ ನನ್ನಾಕೆಗೆ, ಹೇಳುತ್ತಾರೆ, ನನಗೆ ಕೇಳಿಸುವಷ್ಟು ಜೋರಾಗಿ. 'ನಡೆಯೋಕೆ ಅಂತ ಪೆಟ್ರೋಲ್ ಸುಟ್ಕೊಂಡು ಹೋಗ್ತಾರಾ ಅಂತ ಕೇಳಮ್ಮ.'

ಶ್ರೀರಂಗಪಟ್ಟಣ ದಾಟಿ, ಒಂದು ಊರಾಚೆ ಹೊಂಗೆ ಮರದಡಿ ಕಾರು ನಿಲ್ಲಿಸಿದೆ. ಏರಿ ಮೇಲೆ ನಿಂತು ಮಕ್ಕಳಿಗೆ ಪಾಠ ಶುರು ಮಾಡಿದೆ. ಇದು ಚಿಕ್ಕದೇವರಾಜ ಸಾಗರ ನಾಲೆ, ಇಲ್ಲಿಯವರ ಬಾಯಲ್ಲಿ ಸಿಡಿಎಸ್. ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರವರೆಗೆ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದೇ 1911ರಲ್ಲಿ. ಅಂದರೆ ಅಣೆಕಟ್ಟೆಗಿಂತ ಇನ್ನೂರು ವರ್ಷ ಮೊದಲೇ ಕಾವೇರಿ ನೀರು ಈ ದಾರಿಯಲ್ಲಿ...

'ಅಪ್ಪ, ನೀರೆಲ್ಲಿ?' ಅಂದಳು ಮಗಳು.

ನಾಲೆ ಒಣಗಿತ್ತು. ತಳದಲ್ಲಿ ಒಂದಿಷ್ಟು ಕೆಸರು, ಎರಡು ಕೊಕ್ಕರೆ, ಒಂದು ಹರಿದ ಕೊಡೆ. ಬೇಸಿಗೆ ಬೆಳೆಗೆ ನೀರನ್ನು ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ. ಇಷ್ಟು ದಿನ ಹರಿಸುವುದು, ಇಷ್ಟು ದಿನ ನಿಲ್ಲಿಸುವುದು. ನಾವು ಬಂದದ್ದು ನಿಲ್ಲಿಸಿದ ದಿನ. ನೀರಿಲ್ಲದ ನಾಲೆ ಎದುರು ನಿಂತು ನೀರಾವರಿ ಇತಿಹಾಸ ಹೇಳಿದ ನನ್ನನ್ನು ನನ್ನಾಕೆ ಒಂದು ಸಲ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ನೋಟ ನನಗೆ ಚೆನ್ನಾಗಿ ಗೊತ್ತು.

ಇರಲಿ ಅಂತ ನಡೆಯಲು ಹೊರಟೆವು. ನೂರು ಹೆಜ್ಜೆ ಇಟ್ಟಿಲ್ಲ, ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸು ನಿಂತರು.

'ಯಾಕಣ್ಣ, ಗಾಡಿ ಕೆಟ್ಟೋಯ್ತಾ?'

'ಇಲ್ಲಮ್ಮ, ಸುಮ್ನೆ ನಡ್ಕೊಂಡ್ ಹೋಗ್ತಿದ್ದೀವಿ.'

ಅವರು ಅತ್ತೆಯ ಮುಖ ನೋಡಿದರು, ಅತ್ತೆ ಆಕಾಶ ನೋಡಿದರು.

ಆಮೇಲೆ ಸಿಕ್ಕವರೆಲ್ಲ ಅದೇ ಪ್ರಶ್ನೆ. ಎಮ್ಮೆ ಹೊಡೆದುಕೊಂಡು ಬಂದ ಹುಡುಗ ಕೇಳಿದ. ಟಿವಿಎಸ್ ಎಕ್ಸೆಲ್‌ನಲ್ಲಿ ಹಾಲಿನ ಕ್ಯಾನ್ ಇಟ್ಟುಕೊಂಡು ಬಂದವರು ಕೇಳಿದ್ದಷ್ಟೇ ಅಲ್ಲ, 'ಇಬ್ಬಿಬ್ರು ಕೂತ್ಕಳಿ, ಮೂರು ಟ್ರಿಪ್ ಹೊಡುದ್ರೆ ಆಯ್ತು' ಅಂತ ಲೆಕ್ಕ ಹಾಕಿಯೂ ಬಿಟ್ಟರು. 'ವಾಕಿಂಗು' ಅಂದು ನೋಡಿದೆ. 'ಶುಗರ್ರಾ? ಈ ವಯಸ್ಸಿಗೇಯಾ? ಅಯ್ಯೋ ಪಾಪ' ಅಂದರು ಒಬ್ಬರು. ಬೇಲಿ ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ಹಿರಿಯರು ಮಾತ್ರ ನಮ್ಮನ್ನು ಅಡಿಯಿಂದ ಮುಡಿವರೆಗೆ ಅಳೆದು, 'ಜಮೀನ್ ನೋಡಕ್ ಬಂದ್ರಾ?' ಅಂದರು. ಇಲ್ಲ ಅಂದಷ್ಟೂ ಅವರಿಗೆ ಅನುಮಾನ ಜಾಸ್ತಿಯಾಯ್ತು. ಕೊನೆಗೆ ಕಣ್ಣು ಕಿರಿದು ಮಾಡಿ, 'ನಮ್ಮದನ್ನಂತೂ ಕೊಡಕಿಲ್ಲ' ಅಂದರು. ನಾನು ಕೇಳಿರಲೇ ಇಲ್ಲ. ಆದರೂ ಯಾಕೋ ಬೇಜಾರಾಯಿತು.

ಅಷ್ಟರಲ್ಲಿ ಗಾಳಿಗೆ ಬೆಲ್ಲದ ವಾಸನೆ ಬಂತು. ನಾಲೆಯಾಚೆ ಕಬ್ಬಿನ ಗದ್ದೆ ನಡುವೆ ಆಲೆಮನೆಯ ಹೊಗೆ. ಸೇತುವೆ ಎಲ್ಲೂ ಕಾಣಲಿಲ್ಲ. ಹೇಗೂ ನೀರಿಲ್ಲ, ಬಟ್ಟೆ ಒಗೆಯುವ ಮೆಟ್ಟಿಲು ಇಳಿದು ತಳದಲ್ಲೇ ದಾಟೋಣ ಅಂದೆ. ಮಗ ಕೆಸರು ತುಳಿಯುವ ಆಸೆಗೆ ಚಪ್ಪಲಿಯನ್ನು ಈ ಕಡೆ ಮೆಟ್ಟಿಲ ಮೇಲೆ ಬಿಟ್ಟ. ಬರುವಾಗ ಹಾಕಿಕೊಂಡರಾಯ್ತು ಅಂತ ನಾನೇ ಹೇಳಿದ್ದು.

ಆಲೆಮನೆಯಲ್ಲಿ ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಗಾಣದಿಂದ ಬಿದ್ದ ಹಾಲನ್ನು, ಕಬ್ಬಿನ ರಸಕ್ಕೆ ಅಲ್ಲಿ ಹಾಲು ಅಂತಲೇ ಹೇಳುವುದು, ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸುತ್ತಿದ್ದರು. ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಸೌದೆ. ಒಂದಿಷ್ಟು ಸುಣ್ಣ ಬಿದ್ದ ಮೇಲೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಲೇ ಇರಬೇಕು. ಪಾಕ ಯಾವಾಗ ಬಂತು ಅಂತ ತಿಳಿಯಲು ಅಲ್ಲಿ ಮೀಟರ್ ಇಲ್ಲ. ಬೆಲ್ಲ ಕಾಯಿಸುವವರು ಚೂರು ಪಾಕವನ್ನು ನೀರಿಗೆ ಹಾಕಿ ಬೆರಳಲ್ಲಿ ಹಿಸುಕಿ ನೋಡುತ್ತಾರೆ, ಅಷ್ಟೇ. ನಮಗೂ ಎಲೆ ಮೇಲೆ ಬಿಸಿ ಬೆಲ್ಲ ಕೊಟ್ಟರು. 'ಆರ್‍ಲಿ, ತಡೀರಿ' ಅಂದರು. ಮಕ್ಕಳು ತಡೆದರು, ನಾನು ತಡೆಯಲಿಲ್ಲ. ಮುಂದಿನ ಮೂರು ದಿನ ನನಗೆ ಸಾರಿನ ರುಚಿ ಗೊತ್ತಾಗಲಿಲ್ಲ.

ನಾಲಿಗೆ ಸುಟ್ಟುಕೊಂಡು ನಾನು ಸುಮ್ಮನಾದ ಹೊತ್ತಲ್ಲಿ ಅತ್ತೆ ಕೆಲಸ ಮುಗಿಸಿದ್ದರು. 'ಯಾವೂರವ್ವ ನಿಮ್ದು? ಯಾರ ಪೈಕಿ?' ಅಂತ ಶುರುವಾಗಿ, ಐದೇ ನಿಮಿಷದಲ್ಲಿ ಆಲೆಮನೆ ಯಜಮಾನರ ದೊಡ್ಡಮ್ಮನ ಮಗಳು ಅತ್ತೆಯ ಸೋದರತ್ತೆಯ ಮನೆಗೆ ಸೊಸೆಯಾಗಿ ಬಂದವರು ಅಂತ ಪತ್ತೆಯಾಯ್ತು. ಎರಡು ಉಂಡೆ ಬೆಲ್ಲ ಸೆರಗಿಗೆ ಬಿತ್ತು. ನನ್ನ ಪಾಲಿಗೆ ಬಂದದ್ದು 'ಅಳಿಯಂದ್ರು ಮಾತು ಕಮ್ಮಿ' ಅನ್ನುವ ಮೆಚ್ಚುಗೆ.

ವಾಪಸ್ ಬಂದು ನೋಡಿದರೆ ನಾಲೆ ತುಂಬಾ ನೀರು.

ಕಟ್ಟು ಮುಗಿದು ನೀರು ಬಿಟ್ಟಿದ್ದರು. ನನ್ನ ಪಾಠಕ್ಕೆ ಬೇಕಿದ್ದ ಕಾವೇರಿ ಎರಡು ಗಂಟೆ ತಡವಾಗಿ ಬಂದಿದ್ದಳು. ನಾವು ಈ ದಡ, ಕಾರು ಆ ದಡ. ಚಪ್ಪಲಿ ಎರಡು ದಡದಲ್ಲೂ ಇಲ್ಲ. 'ಮೊಣಕಾಲುದ್ದ ಇರಬಹುದು, ದಾಟೋಣ್ವಾ?' ಅಂದೆ. ತೂಬಿನ ಹತ್ತಿರವಿದ್ದ ನೀರುಗಂಟಿ ಅಲ್ಲಿಂದಲೇ ಕೂಗಿದರು. 'ಇಳೀಬ್ಯಾಡಿ ಸಾ! ಸೆಳ್ವು ಜೋರಾಗದೆ. ಸೇತ್ವೆ ಮ್ಯಾಲೆ ಹೋಗಿ, ಇಲ್ಲೇ ಅದೆ, ಒಂದ್ ಬೀಡಿ ಸೇದಷ್ಟ್ರಲ್ಲಿ.'

ಬೀಡಿ ಎಷ್ಟು ಕಿಲೋಮೀಟರ್ ಅಂತ ನನಗೆ ಗೊತ್ತಿರಲಿಲ್ಲ. ಅರ್ಧ ಗಂಟೆ ನಡೆದ ಮೇಲೆ ಇನ್ನೊಬ್ಬರನ್ನು ಕೇಳಿದರೆ ಅವರೂ 'ಇಲ್ಲೇ' ಅಂದರು. ಆ ಬೀಡಿ ಬಹಳ ಉದ್ದ ಇತ್ತು. ಮಗ ಬರಿಗಾಲಲ್ಲಿ ನನ್ನ ಹೆಗಲೇರಿದ್ದ. ಮಗಳ ಕೈಗೆ ಕಬ್ಬಿನ ಗರಿ ಗೀರಿತ್ತು. ನನ್ನಾಕೆ ಮಾತು ನಿಲ್ಲಿಸಿದ್ದಳು. ಅತ್ತೆ ಮಾತ್ರ ಸೀರೆ ಎತ್ತಿ ಕಟ್ಟಿ, ಬೆಲ್ಲ ಹಿಡಿದು ಎಲ್ಲರಿಗಿಂತ ಇಪ್ಪತ್ತು ಮಾರು ಮುಂದೆ.

ಹಿಂದಿನಿಂದ ಟ್ರ್ಯಾಕ್ಟರ್ ಸದ್ದು ಕೇಳಿತು. ಕಬ್ಬು ಇಳಿಸಿ ಬರುತ್ತಿದ್ದ ಖಾಲಿ ಗಾಡಿ. ಡ್ರೈವರ್ ಹುಡುಗ ಪಕ್ಕಕ್ಕೆ ನಿಲ್ಲಿಸಿ, ಎಲ್ಲರೂ ಕೇಳಿದ್ದನ್ನೇ ಕೇಳಿದ.

'ಯಾಕ್ ಸಾ, ಗಾಡಿ ಕೆಟ್ಟೋಯ್ತಾ?'

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, 'ಹೂಂ ಕನಪ್ಪ. ಕೆಟ್ಟೋಯ್ತು.'

'ಅದ್ಕೇ ಮತ್ತೆ! ಹತ್ಕಳಿ, ಹತ್ಕಳಿ.'

ಸೇತುವೆ ದಾಟಿ ಕಾರಿನ ಹತ್ತಿರ ಬಂದೆವು. ಇಳಿದು, ಥ್ಯಾಂಕ್ಸ್ ಹೇಳಿ, ಅವನು ಹೋಗಲಿ ಅಂತ ಕಾದೆವು. ಅವನು ಹೋಗಲಿಲ್ಲ. ಟ್ರ್ಯಾಕ್ಟರ್ ಆಫ್ ಮಾಡಿ, ಸೀಟಿನ ಕೆಳಗಿಂದ ಸ್ಪ್ಯಾನರ್ ತೆಗೆದ. 'ಬಾನೆಟ್ ಎತ್ತಿ ಸಾ, ನೋಡ್ತೀನಿ. ಹೆಣ್ಮಕ್ಕಳನ್ನ ಕರ್ಕಂಡು ನೀವ್ ಎಲ್ಲಿಗೋಯ್ತೀರಿ?' ನಾನು ಅತ್ತೆಯನ್ನು ನೋಡಿದೆ. ಅವರು ಮೊಮ್ಮಗನ ಕಾಲಿನ ಕೆಸರು ಒರೆಸುವುದರಲ್ಲಿ ಮುಳುಗಿದ್ದರು. ಬಾನೆಟ್ ಎತ್ತಿದೆ. ಹುಡುಗ ಹತ್ತು ನಿಮಿಷ ಅಲ್ಲಿ ಇಲ್ಲಿ ಮುಟ್ಟಿ, ಬ್ಯಾಟರಿಯ ಒಂದು ವೈರು ಬಿಗಿ ಮಾಡಿ, 'ಈಗ ಹೊಡೀರಿ ಸೆಲ್ಫು' ಅಂದ.

ಹೊಡೆದೆ. ಸ್ಟಾರ್ಟ್ ಆಯ್ತು.

ಅವನ ಮುಖ ಅರಳಿದ್ದು ನೋಡಬೇಕಿತ್ತು. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ. 'ಬ್ಯಾಡಿ ಸಾ. ಮೈಸೂರಿಗೋದ್ ಮ್ಯಾಲೆ ಒಂದ್ಸಲ ಒಳ್ಳೆ ಮೆಕ್ಯಾನಿಕ್‌ಗೆ ತೋರ್ಸ್ಬುಡಿ.'

'ತೋರ್ಸಿ ಅಂತ ಹೇಳಮ್ಮ ಅವ್ರಿಗೆ' ಅಂದರು ಅತ್ತೆ, ಹಿಂದಿನ ಸೀಟಿನಿಂದ.