ಆತ್ಮೀಯ ವೀಕ್ಷಕರೇ, ಬಾಡಿಗೆ ಕಟ್ಟಿದಿರಾ?

ಶಿಕ್ಷೆಯಾಗಿ ಒಳಗಿರುವ ಮಾಜಿ ಸಂಸದರೊಬ್ಬರಿಗೆ ಪರಪ್ಪನ ಅಗ್ರಹಾರದ ಜೈಲ್ ಲೈಬ್ರರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿದ್ದು, ದಿನಕ್ಕೆ 522 ರೂಪಾಯಿ ಕೂಲಿ ನಿಗದಿಯಾಗಿದ್ದು ನಿಮಗೆ ಗೊತ್ತೇ ಇದೆ. ಸುದ್ದಿ ಬಂದ ದಿನ ಧಾರವಾಡದ ನಮ್ಮ ಓಣಿಯ ಚಹಾದಂಗಡಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಅವರು ಜೈಲಿನಲ್ಲಿ ಹೆಡ್ ವಾರ್ಡರ್. ಯಾವ ಜೈಲು ಅಂತ ಕೇಳಬೇಡಿ, ಅವರಿಗಿನ್ನೂ ಹನ್ನೊಂದು ವರ್ಷ ನೌಕರಿ ಇದೆ. ಓಣಿಯವರಿಗೆಲ್ಲ ಅವರು ಜೈಲ್ ಸಾಹೇಬ್ರು. ಪೇಪರನ್ನು ತೊಡೆ ಮೇಲಿಟ್ಟುಕೊಂಡು ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕುತ್ತಿದ್ದರು.

"ಇಪ್ಪತ್ತಾರು ದಿನಕ್ಕ ಎಷ್ಟಾತ್ರಿ ಸರ?"

"ಹದಿಮೂರು ಸಾವಿರದ ಐನೂರಾ ಎಪ್ಪತ್ತೆರಡು."

"ಬಾಡಿಗಿ?"

"ಇಲ್ಲ."

"ಗ್ಯಾಸು, ಕರೆಂಟ್ ಬಿಲ್ಲು?"

"ಇಲ್ಲ."

"ಅಂದ್ರ ಪೂರಾ ಉಳಿತಾಯ," ಅಂದವರೇ ಎದ್ದು ನೈಟ್ ಡ್ಯೂಟಿಗೆ ಹೊರಟರು.

ಕೈದಿಗಳ ಕೂಲಿ ಬಗ್ಗೆ ನನ್ನದೇನೂ ತಕರಾರಿಲ್ಲ. ದುಡಿದವನಿಗೆ ನ್ಯಾಯವಾದ ಕೂಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ, ಸರಿಯಾಗಿಯೇ ಹೇಳಿದೆ. ನಮ್ಮ ರಾಜ್ಯದಲ್ಲಿ ಕೆಲಸದಲ್ಲಿ ಚೆನ್ನಾಗಿ ಪಳಗಿದ ಕೈದಿಗೆ ದಿನಕ್ಕೆ 663 ರೂಪಾಯಿವರೆಗೂ ಇದೆ. ಇಪ್ಪತ್ತಾರು ದಿನಕ್ಕೆ 17,238. ಈ ಅಂಕಿ ಎಲ್ಲೋ ಕಂಡ ಹಾಗಿದೆಯಲ್ಲ ಅಂತ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್‌ನಲ್ಲಿ ಕೈಗೆ ಬರುವ ತನಕ, ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000 ಇತ್ತು. ತುಟ್ಟಿಭತ್ಯೆ ಬೇರೆ, ನಿಜ. ಆದರೂ ಕಂಬಿಯ ಆ ಕಡೆಯವನಿಗೂ ಈ ಕಡೆಯವನಿಗೂ ಸರ್ಕಾರ ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು ಅಂದರೆ ಇದಕ್ಕಿಂತ ದೊಡ್ಡ ಸಮಾನತೆ ಬೇಕೇ? ಬಸವಣ್ಣನ ನಾಡು ಅಂತ ಸುಮ್ನೆ ಅಂತಾರಾ.

ಅಂದ ಹಾಗೆ ವಾರ್ಡರ್ ಅನ್ನೋದು ಬ್ರಿಟಿಷರ ಕಾಲದ ಹೆಸರು. ಅದು ಬೇಡ ಅಂತ ಕನ್ನಡದಲ್ಲಿ ವೀಕ್ಷಕ ಅಂತ ಕರೆಯುತ್ತಾರೆ. ಹೆಡ್ ವಾರ್ಡರ್ ಅಂದರೆ ಮುಖ್ಯ ವೀಕ್ಷಕ. ಈ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವರಿಗೊಂದು ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು. ನಮ್ಮ ಮನೆಯಲ್ಲಿ ಟಿವಿ ಹಚ್ಚಿದರೆ ಸಾಕು, "ಆತ್ಮೀಯ ವೀಕ್ಷಕರೇ, ಎಲ್ಲೂ ಹೋಗಬೇಡಿ" ಅನ್ನುತ್ತಾರೆ. ಸಾಹೇಬ್ರ ಮನೆಯಲ್ಲಿ ಈ ಮಾತು ಬಂದಾಗ ಅವರ ಹೆಂಡತಿ, "ಎಲ್ಲಿ ಹೋಗ್ತಾರ, ರಜಾ ಎಲ್ಲೈತಿ?" ಅಂತ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಾರೆ. "ಸಣ್ಣದೊಂದು ವಿರಾಮದ ನಂತರ" ಅಂದರೆ ಮಗಳು ನಗುತ್ತಾಳೆ. ಯುಗಾದಿ, ದೀಪಾವಳಿಗೆ ಅಪ್ಪ ಮನೆಯಲ್ಲಿದ್ದದ್ದನ್ನು ಆ ಹುಡುಗಿ ಒಂದು ಕೈಯ ಬೆರಳಲ್ಲಿ ಎಣಿಸುತ್ತಾಳೆ.

ವೀಕ್ಷಕ ಅಂದರೆ ನೋಡುವವನು. ನೋಡುವುದಷ್ಟೇ ಅವನ ಕೆಲಸ. ಅರ್ಥ ಸ್ಪಷ್ಟವಾಗಿಯೇ ಇದೆ. ಏನು ನೋಡಬೇಕು, ಏನು ನೋಡಬಾರದು ಅನ್ನೋದನ್ನ ಮೇಲಿನವರು ಆಗಾಗ ಹೇಳಿಕೊಡುತ್ತಾರೆ. ಆರು ಕೈದಿಗಳಿಗೆ ಒಬ್ಬ ಕಾವಲಿನವನು ಇರಬೇಕು ಅಂತ ಕೇಂದ್ರದ ಮಾದರಿ ಕೈಪಿಡಿಯಲ್ಲಿದೆ. ಇದನ್ನು ಸಾಹೇಬ್ರಿಗೆ ಓದಿ ಹೇಳಿದೆ. "ಆರು? ಮುಂದ ಒಂದು ಸೊನ್ನಿ ಬಿಟ್ಟೀರಿ ನೋಡ್ರಿ ಸರ," ಅಂದರು.

ಫೋನಿನ ಕಥೆ ಹೇಳಲೇಬೇಕು. ಡ್ಯೂಟಿಗೆ ಹೋದ ಕೂಡಲೇ ಗೇಟಿನಲ್ಲಿ ಸಾಹೇಬ್ರು ತಮ್ಮ ಮೊಬೈಲ್ ಕೊಟ್ಟು ಒಳಗೆ ಹೋಗಬೇಕು. ನಿಯಮ. ಒಮ್ಮೆ ಮಗಳಿಗೆ ಶಾಲೆಯಲ್ಲಿ ಜ್ವರ ಬಂದು, ಟೀಚರು ಹನ್ನೊಂದು ಸಲ ಫೋನ್ ಮಾಡಿದ್ದಾರೆ. ಎತ್ತುವವರಿಲ್ಲ. ಸಂಜೆ ಮನೆಗೆ ಬಂದರೆ ಹೆಂಡತಿ ಕೇಳಿದ್ದು ಒಂದೇ ಮಾತು: "ಇನ್ನ ಮ್ಯಾಲ ನಿಮ್ಮ ಕೈದಿ ಯಾರದರ ನಂಬರ್ ಕೊಡ್ರಿ, ಅರ್ಜೆಂಟ್ ಇದ್ರ ಅವರಿಗೇ ಹಚ್ಚತೇನಿ." ಆಕೆಯದೇನು ತಪ್ಪು? ಜೈಲಿನೊಳಗಿಂದ ಬರುವ ವಿಡಿಯೋಗಳನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ. ಪರಪ್ಪನ ಅಗ್ರಹಾರದಲ್ಲಿ ಜಾಮರ್ ಹಾಕಿದರು. ಅಕ್ಕಪಕ್ಕದ ಬಡಾವಣೆಯವರು ನೆಟ್‌ವರ್ಕ್ ಇಲ್ಲ ಅಂತ ಬಾಯಿ ಬಡಿದುಕೊಂಡರು. ಒಳಗಿನ ವಿಡಿಯೋ ಮಾತ್ರ ಎಂದಿನಂತೆ ಹೊರಗೆ ಬರುತ್ತಿದೆ. ಏನು ಎಂಜಿನಿಯರಿಂಗು! ನಿರಪರಾಧಿಗಳ ಫೋನನ್ನಷ್ಟೇ ಹುಡುಕಿ ಕಟ್ ಮಾಡುವ ಯಂತ್ರ ಜಗತ್ತಿನಲ್ಲಿ ಬೇರೆಲ್ಲಿದೆ?

ಇನ್ನು ಪರಪ್ಪನ ಅಗ್ರಹಾರದೊಳಗಿಂದ ಬಂದ ನಟ ದರ್ಶನ್ ಅವರ ಆ ಕುರ್ಚಿ, ಕಪ್ಪು, ಸಿಗರೇಟಿನ ಫೋಟೋ. 2024ರ ಆಗಸ್ಟ್. ಕಪ್ಪಿನಲ್ಲಿ ಇದ್ದದ್ದು ಕಾಫಿಯೋ ಚಹಾನೋ ಅಂತ ಆತ್ಮೀಯ ವೀಕ್ಷಕರಿಗೆ ದಿನಗಟ್ಟಲೆ ತೋರಿಸಿದರು. ಮೊದಲ ಏಟಿಗೆ ಏಳು ಜನ ಸಸ್ಪೆಂಡ್, ಅದರಲ್ಲಿ ಇಬ್ಬರು ಹೆಡ್ ವಾರ್ಡರ್, ಒಬ್ಬ ವಾರ್ಡರ್. ಆಮೇಲೆ ದೊಡ್ಡವರೂ ಸೇರಿದರು ಅನ್ನಿ. ಸಸ್ಪೆಂಡ್ ಆದವನಿಗೆ ಮೊದಲ ಆರು ತಿಂಗಳು ಅರ್ಧ ಸಂಬಳ. ಅದಕ್ಕೆ ಜೀವನಾಧಾರ ಭತ್ಯೆ ಅಂತ ಹೆಸರು. ಅರ್ಧ ಬಾಡಿಗೆ ತಗೊಳ್ಳುವ ಮಾಲೀಕರು, ಅರ್ಧ ಫೀ ತಗೊಳ್ಳುವ ಶಾಲೆ ಎಲ್ಲಿವೆ ಅಂತ ಅದೇ ಆದೇಶದ ಕೆಳಗೆ ಒಂದು ಸಾಲು ಬರೆದಿದ್ದರೆ ಉಪಕಾರವಾಗುತ್ತಿತ್ತು.

ಬಾಡಿಗೆ ಅಂದೆನಲ್ಲ. ಲೆಕ್ಕಕ್ಕೆ ಸುಲಭವಾಗಲಿ ಅಂತ ಮೂಲ ವೇತನ 40 ಸಾವಿರ ಹಿಡಿಯಿರಿ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಬಾಡಿಗೆ ಭತ್ಯೆ ಶೇ 15, ಅಂದರೆ 6,000. ಏಳನೇ ಆಯೋಗಕ್ಕೆ ಮೊದಲು ಇದು ಶೇ 16 ಇತ್ತು, ಸಂಬಳ ಜಾಸ್ತಿ ಮಾಡುವಾಗ ಒಂದು ಪರ್ಸೆಂಟ್ ಕಿಸೆಗೆ ಹಾಕಿಕೊಂಡರು. ಗದಗಕ್ಕೋ ಹಾವೇರಿಗೋ ವರ್ಗವಾದರೆ ಶೇ 7.5, ಅಂದರೆ 3,000. ಹಾವೇರಿಯಲ್ಲಿ ಮನೆಗಳಿಗೆ ಎರಡೇ ಗೋಡೆ ಇರುತ್ತವೆ ಅಂತ ಬೆಂಗಳೂರಿನಲ್ಲಿ ಯಾರೋ ತಿಳಿದುಕೊಂಡಿರಬೇಕು.

ಸಾಹೇಬ್ರು ಮೊದಲು ಕ್ವಾರ್ಟರ್ಸ್‌ನಲ್ಲಿದ್ದರು. ಒಂದು ಆಷಾಢದಲ್ಲಿ ಬಿಟ್ಟು ಬಂದರು, ಕಾರಣ ಆಮೇಲೆ ಹೇಳುತ್ತೇನೆ. ಈಗ ಸಪ್ತಾಪುರದ ಹತ್ತಿರ ಬಾಡಿಗೆ ಮನೆ. ಸಪ್ತಾಪುರ ಗೊತ್ತಲ್ಲ? ಎರಡು ಹೆಜ್ಜೆಗೊಂದು ಕೋಚಿಂಗ್ ಸೆಂಟರು, ಮೂರು ಹೆಜ್ಜೆಗೊಂದು ಝೆರಾಕ್ಸ್ ಅಂಗಡಿ. ಬೀದರಿನಿಂದ ಹಿಡಿದು ಬಳ್ಳಾರಿಯವರೆಗಿನ ಹುಡುಗರೆಲ್ಲ ಇಲ್ಲಿ ರೂಮು ಹಿಡಿದು ಓದುತ್ತಾರೆ. ಪಿಎಸ್ಐ, ಎಫ್‌ಡಿಎ, ಕಾನ್‌ಸ್ಟೇಬಲ್, ಜೈಲ್ ವಾರ್ಡರ್. ಹುಡುಗರು ಹೆಚ್ಚಾದಂತೆ ರೂಮಿನ ರೇಟು ಏರಿತು. ರೂಮಿನ ರೇಟು ನೋಡಿ ಮನೆ ಮಾಲೀಕರು ಮನೆಯ ರೇಟನ್ನೂ ಏರಿಸಿದರು. ಅಂದರೆ ಮುಂದೆ ವಾರ್ಡರ್ ಆಗಬೇಕು ಅನ್ನುವವರಿಂದ ಈಗ ವಾರ್ಡರ್ ಆದವರ ಬಾಡಿಗೆ ಏರುತ್ತಿದೆ. ಇಂಥ ಸೊಗಸಾದ ಚಕ್ರ ಯಾವ ಅರ್ಥಶಾಸ್ತ್ರದ ಪ್ರೊಫೆಸರನಿಗೂ ಹೊಳೆದಿರಲಿಕ್ಕಿಲ್ಲ.

ಉಳಿದದ್ದು ನಿಮ್ಮ ಮನೆಯದೇ ಕಥೆ. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಜಾಸ್ತಿಯಾಯಿತು. ಹೆಂಡತಿಗೆ ಬಸ್ಸು ಪುಕ್ಕಟೆ, ಸಾಹೇಬ್ರು ಟಿಕೆಟ್ ತಗೊಂಡು ಪಕ್ಕದಲ್ಲಿ ನಿಲ್ಲುತ್ತಾರೆ. ಸರ್ಕಾರಿ ನೌಕರ, ಆದ್ದರಿಂದ ಬಿಪಿಎಲ್ ಕಾರ್ಡ್ ಇಲ್ಲ. 2006ರ ನಂತರ ಸೇರಿದವರು, ಆದ್ದರಿಂದ ಹಳೇ ಪೆನ್ಷನ್ನೂ ಇಲ್ಲ.

ಅವರ ಖಾಕಿ ಪ್ಯಾಂಟಿನ ಬಲಗಡೆ ಕಿಸೆ ನೋಡಬೇಕು ನೀವು. ಕೀಲಿಕೈ ಗೊಂಚಲಿನ ಭಾರಕ್ಕೆ ಮೂರು ತಿಂಗಳಿಗೊಮ್ಮೆ ಹರಿಯುತ್ತದೆ. ಹೆಂಡತಿ ಒಳಗಿನಿಂದ ಹಳೇ ಜಮಖಾನದ ತುಂಡು ಕೊಟ್ಟು ಹೊಲಿದಿದ್ದಾರೆ. ಕಿಸೆಯ ಅಂಚಿನಲ್ಲಿ ನೀಲಿ, ಕೆಂಪು ಎಳೆ ಇಣುಕುತ್ತದೆ. ಸನ್ನಡತೆ ಅಂತ ಕೈದಿಗಳನ್ನು ಅವಧಿಗೆ ಮೊದಲೇ ಬಿಡುತ್ತಾರೆ. ಸಾಹೇಬ್ರಿಗೂ ಸನ್ನಡತೆಗೆ ಒಂದು ಬಡ್ತಿ ಸಿಕ್ಕಿತು, ವಾರ್ಡರ್‌ನಿಂದ ಹೆಡ್ ವಾರ್ಡರ್. ಗೊಂಚಲಿಗೆ ಇನ್ನಷ್ಟು ಕೀಲಿ ಸೇರಿದವು.

ತಮಾಷೆ ಇಲ್ಲಿಗೆ ಬಿಡುತ್ತೇನೆ, ನನಗೂ ಬೇಸರ ಬಂದಿದೆ. ದುಡ್ಡು ತಗೊಂಡು ಒಳಗೆ ಮೊಬೈಲ್ ಬಿಟ್ಟವನನ್ನು ಹಿಡಿಯಿರಿ, ಕೆಲಸದಿಂದ ತೆಗೆಯಿರಿ, ಅದೇ ಜೈಲಿನಲ್ಲಿ ಕೂಡಿಸಿರಿ. ಆದರೆ ಒಂದು ಮೊಬೈಲ್ ಒಳಗೆ ಬಿಟ್ಟರೆ ತಿಂಗಳ ಬಾಡಿಗೆ ಹುಟ್ಟುವ ಜಾಗದಲ್ಲಿ, ಬಾಡಿಗೆ ಕಟ್ಟಲಾಗದ ಮನುಷ್ಯನನ್ನು ರಾತ್ರಿಯಿಡೀ ಒಬ್ಬನೇ ನಿಲ್ಲಿಸಿ, ಬೆಳಿಗ್ಗೆ ಅವನ ಪ್ರಾಮಾಣಿಕತೆ ಬಗ್ಗೆ ಸುತ್ತೋಲೆ ಕಳಿಸುವವರಿಗೆ ನಾಚಿಕೆ ಆಗಬೇಕು. ಸಾಹೇಬ್ರು ಇಷ್ಟು ವರ್ಷ ಒಂದು ಬೀಡಿಕಟ್ಟನ್ನೂ ಒಳಗೆ ಬಿಟ್ಟವರಲ್ಲ. ಅದಕ್ಕೆ ಯಾವ ಭತ್ಯೆಯೂ ಇಲ್ಲ. ವಿಡಿಯೋ ಬಂದಾಗಲೆಲ್ಲ ಬಸ್ಸಿನಲ್ಲಿ ಯೂನಿಫಾರ್ಮ್ ನೋಡಿ ನಗುವವರು ಮಾತ್ರ ಇದ್ದಾರೆ.

ಮೊನ್ನೆ ಮತ್ತೆ ಅದೇ ಚಹಾದಂಗಡಿ. ಕೈಯಲ್ಲಿ ಜಿಕೆ ಪುಸ್ತಕ ಹಿಡಿದ ಒಬ್ಬ ಹುಡುಗ ಬಂದು ಸಾಹೇಬ್ರಿಗೆ ನಮಸ್ಕಾರ ಮಾಡಿದ.

"ಸರ, ವಾರ್ಡರ್ ಪೋಸ್ಟ್ ಯಾವಾಗ ಕರೀತಾರ್ರಿ?"

"ಕರೀತಾರ. ಓದ್ಕೋ. ರೂಮಿಗೆ ಎಷ್ಟ್ ಕೊಡ್ತಿ?"

"ನಾಕು ಮಂದಿ ಅದೀವ್ರಿ. ಒಬ್ಬೊಬ್ಬರು ಎರಡೂವರಿ ಸಾವಿರ."

ಒಂದು ಕೋಣೆಗೆ ಹತ್ತು ಸಾವಿರ! ಸಾಹೇಬ್ರು ನನ್ನ ಮುಖ ನೋಡಿದರು. ಹುಡುಗ ಬಿಡಲಿಲ್ಲ.

"ನೌಕರಿ ಆದ್ರ ಬಾಡಿಗಿ ಚಿಂತಿ ಇಲ್ಲಲ್ರಿ ಸರ, ಕ್ವಾರ್ಟರ್ಸ್ ಕೊಡ್ತಾರಂತ?"

"ಕೊಡ್ತಾರ," ಅಂದರು ಸಾಹೇಬ್ರು. "ನೋಡಾಕ ಬರೂದಿದ್ರ ಮಳಿಗಾಲದಾಗ ಬಾ. ಕೊಡಿ ತಗೊಂಡ್ ಬಾ. ಮನಿ ಒಳಗ ಹಿಡ್ಕೊಳ್ಳಾಕ ಬೇಕಾಕ್ಕೈತಿ."