ಡಾಕ್ಟರ್ ಯಾವಾಗ ಬರ್ತಾರೆ?

ಶನಿವಾರ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಡಲ್ಲಸ್ ಬಿಸಿಲಲ್ಲಿ ನಲವತ್ತು ನಿಮಿಷ ಕಾರು ಓಡಿಸಿಕೊಂಡು ಹೋಗಿದ್ದು, ನಿಜ ಹೇಳಬೇಕೆಂದರೆ, ಸಪಾದಕ್ಕೆ. ಎರಡನೇ ಸಲ ಹಾಕಿಸಿಕೊಳ್ಳುವ ಹೊತ್ತಿಗೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು. "ಏನ್ರೀ, ನಿಮ್ಮಮ್ಮ ಬಂದಿದ್ದಾಗ ನರ್ಸ್ ಹತ್ರ ತೋರಿಸಿದ್ರಂತೆ? ಒಳ್ಳೇ ಡಾಕ್ಟರ್ ಯಾರೂ ಸಿಗಲಿಲ್ವಾ?"

ಪೂಜೆ ಮನೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಇಲ್ಲಿ ಮುಚ್ಚಿಕೊಳ್ಳುವುದಿಲ್ಲ.

ನರ್ಸ್ ಪ್ರಾಕ್ಟೀಷನರ್, ಸ್ವಾಮಿ. ನರ್ಸಿಂಗ್ ಓದಿ, ಅದರ ಮೇಲೆ ಮಾಸ್ಟರ್ಸೋ ಡಾಕ್ಟರೇಟೋ ಮಾಡಿದವರು. ಪರೀಕ್ಷೆ ಮಾಡುತ್ತಾರೆ, ಕಾಯಿಲೆ ಏನು ಅಂತ ಹೇಳುತ್ತಾರೆ, ಔಷಧಿ ಬರೆಯುತ್ತಾರೆ. ನಿನ್ನೆ ಮೊನ್ನೆ ಬಂದ ಶಾರ್ಟ್‌ಕಟ್ಟೂ ಅಲ್ಲ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಅನ್ನೋ ನರ್ಸ್, ಹೆನ್ರಿ ಸಿಲ್ವರ್ ಅನ್ನೋ ಮಕ್ಕಳ ಡಾಕ್ಟರ್ ಸೇರಿ ಶುರು ಮಾಡಿದ್ದು. ಈ ಹಿರಿಯರು ಆಗ ಊರಲ್ಲಿ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದರೇನೋ.

ಅಮ್ಮನ ಕಥೆ ಕೆಲವರಿಗೆ ಗೊತ್ತು. ಅರಸೀಕೆರೆಯಿಂದ ಬಂದು ಎರಡು ತಿಂಗಳಿಗೆ ಕಾಲು ಊದಿಕೊಂಡು ಚಪ್ಪಲಿಯೇ ಹಿಡಿಸುತ್ತಿರಲಿಲ್ಲ. ವಿಮಾನದಲ್ಲಿ ಕೂತಿದ್ದಕ್ಕೆ ಅಂದರು ಒಬ್ಬರು. ಉಪ್ಪಿನಕಾಯಿ ಬಿಡಿಸಿ ಅಂದರು ಇನ್ನೊಬ್ಬರು. (ಅಮ್ಮನಿಂದ ಉಪ್ಪಿನಕಾಯಿ ಬಿಡಿಸುವವರು ಇನ್ನೂ ಹುಟ್ಟಿಲ್ಲ.) ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಡಾಕ್ಟರ್ ಸಿಗೋದು ಏಳು ವಾರ ಬಿಟ್ಟು, ನರ್ಸ್ ಪ್ರಾಕ್ಟೀಷನರ್ ಸಿಗೋದು ನಾಡಿದ್ದು. ವಿಸಿಟರ್ ಇನ್ಶೂರೆನ್ಸ್ ಹಳೇ ಬಿಪಿಗೆಲ್ಲ ದುಡ್ಡು ಕೊಡಲ್ಲ, ಕೈಯಿಂದಲೇ ಕಟ್ಟಬೇಕು. ನಾಡಿದ್ದಕ್ಕೇ ಹೋದೆವು.

ಆಕೆ ಸ್ಟೂಲ್ ಎಳೆದುಕೊಂಡು ಅಮ್ಮನ ಎದುರು ಕೂತರು. ತಿನ್ನುವ ಮಾತ್ರೆಗಳನ್ನೆಲ್ಲ ತೋರಿಸಿ ಅಂದರು. ಆರು ತಿಂಗಳಿಗೆ ಅಂತ ತುಂಬಿಕೊಂಡು ಬಂದಿದ್ದ ಬಟ್ಟೆ ಚೀಲವನ್ನು ಅಮ್ಮ ಮೇಜಿನ ಮೇಲೆ ಸುರಿದಳು. ಒಂದೊಂದೇ ಸ್ಟ್ರಿಪ್ ತಿರುಗಿಸಿ, ಹಿಂದಿನ ಸಣ್ಣಕ್ಷರ ಓದಿ, ಎರಡನ್ನು ಪಕ್ಕಕ್ಕಿಟ್ಟರು. ಬೇರೆ ಕಂಪನಿ, ಬೇರೆ ಹೆಸರು, ಬೇರೆ ಬಣ್ಣ. ಒಳಗಿದ್ದದ್ದು ಎರಡರಲ್ಲೂ ಬಿಪಿ ಇಳಿಸುವ ಆಮ್ಲೋಡಿಪಿನ್! ಒಂದು ಊರಿನ ಡಾಕ್ಟರ್ ಬರೆದದ್ದು, ಇನ್ನೊಂದು ಹಾಸನದ ಡಾಕ್ಟರ್ ಬರೆದದ್ದು. ಒಂದು ಬಿಪಿಗೆ, ಒಂದು ಹಾರ್ಟಿಗೆ ಅಂತ ಅಮ್ಮ ಎರಡನ್ನೂ ಭಕ್ತಿಯಿಂದ ನುಂಗುತ್ತಿದ್ದಳು. ಆ ಮಾತ್ರೆ ಜಾಸ್ತಿಯಾದಷ್ಟೂ ಕಾಲು ಊದುವುದು ಜಾಸ್ತಿ. ಒಂದನ್ನು ನಿಲ್ಲಿಸಿ, ಮನೆಯಲ್ಲೇ ದಿನಾ ಬಿಪಿ ನೋಡಿ ಬರೆದಿಡಿ ಅಂದರು. ಮೂರನೇ ವಾರಕ್ಕೆ ಚಪ್ಪಲಿ ಹಿಡಿಸಿತು.

ಬರೆದುಕೊಟ್ಟ ಇಬ್ಬರೂ ಡಾಕ್ಟರ್‌ಗಳೇ ಅಲ್ವಾ? ಚೀಲ ಸುರಿಸಿ ನೋಡಿದ್ದು ಮಾತ್ರ "ಬರೀ ನರ್ಸ್".

ನನಗೆ ಉರಿಯುವುದು ಇದೇ. ಊರಲ್ಲಿ ಜ್ವರ ಬಂದರೆ ಮೆಡಿಕಲ್ ಶಾಪಿನ ಮುಂದೆ ನಿಂತು "ಎರಡು ಮಾತ್ರೆ ಕೊಡಿ, ಸ್ವಲ್ಪ ಸ್ಟ್ರಾಂಗಾಗಿರ್ಲಿ" ಅಂದವರು ನಾವು. ಕಾಂಪೌಂಡರ್ ಸೂಜಿ ಹಿಡಿದು ಬಂದರೆ ತೆಪ್ಪಗೆ ಮಗ್ಗುಲಾದವರು. ಅವನ ಸರ್ಟಿಫಿಕೇಟ್ ಕೇಳಿದವರುಂಟಾ? ವಿಮಾನ ಇಳಿದ ಮೇಲೆ ಮಾತ್ರ ಎಂಡಿಗಿಂತ ಕಡಿಮೆಯವರು ನಮ್ಮ ನಾಡಿ ಮುಟ್ಟಬಾರದು.

ಓದು ಕಡಿಮೆ ಅಲ್ವಾ ಅನ್ನುತ್ತೀರಿ. ಕಡಿಮೆಯೇ. ಫ್ಯಾಮಿಲಿ ಡಾಕ್ಟರ್ ಇಲ್ಲಿ ಡಿಗ್ರಿ ಆದ ಮೇಲೆ ನಾಲ್ಕು ವರ್ಷ ಮೆಡಿಕಲ್ ಕಾಲೇಜು, ಮೂರು ವರ್ಷ ರೆಸಿಡೆನ್ಸಿ ಅಂತ ಆಸ್ಪತ್ರೆ ತರಬೇತಿ ಮಾಡಿರುತ್ತಾರೆ. ಇವರು ರೋಗಿಗಳ ನಡುವೆ ಕಲಿತ ಗಂಟೆಗಳು ಅದರ ಒಂದು ಸಣ್ಣ ಪಾಲು ಅಷ್ಟೇ. ಯಾವ ಟೆಸ್ಟಿಗೂ ಸಿಗದ ಕಾಯಿಲೆ ಬಂದರೆ ನಾನೂ ಡಾಕ್ಟರನ್ನೇ ಹುಡುಕುತ್ತೇನೆ. ಆದರೆ ನಾವು ವರ್ಷವಿಡೀ ಹೋಗೋದು ಯಾತಕ್ಕೆ ಹೇಳಿ? ಬಿಪಿ, ಶುಗರ್, ಥೈರಾಯ್ಡ್, ಬಿಡದ ಕೆಮ್ಮು. ನ್ಯೂಯಾರ್ಕ್‌ನಲ್ಲಿ 1,316 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಕೆಲವರನ್ನು ಡಾಕ್ಟರ್‌ಗೆ, ಕೆಲವರನ್ನು ನರ್ಸ್ ಪ್ರಾಕ್ಟೀಷನರ್‌ಗೆ ಹಂಚಿ ನೋಡಿದ್ದರು, 2000ದಲ್ಲಿ ಪ್ರಕಟವಾಯಿತು. ಆರು ತಿಂಗಳಾದ ಮೇಲೆ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಿಪಿ ಇದ್ದವರಲ್ಲಿ ಕೆಳಗಿನ ಅಂಕಿ ನರ್ಸ್‌ಗಳ ಕಡೆಯವರಿಗೇ ಚೂರು ಕಡಿಮೆ, 85ಕ್ಕೆ 82. ಅದೂ ಅಲ್ಲದೆ ನಮ್ಮ ಟೆಕ್ಸಾಸ್‌ನಲ್ಲಿ ಅವರು ಒಬ್ಬ ಡಾಕ್ಟರ್ ಜೊತೆ ಒಪ್ಪಂದ ಇಲ್ಲದೆ ಔಷಧಿ ಬರೆಯುವ ಹಾಗೇ ಇಲ್ಲ. ಏನೂ ತೋಚದಿದ್ದರೆ ಕೇಳಲು ಒಬ್ಬರಿದ್ದಾರೆ. ಇನ್ನೇನು ಬೇಕು?

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಆರು ವರ್ಷದ ಹಿಂದೆ ನನ್ನ ತಲೆನೋವಿನ ಪುರಾಣವನ್ನು ಒಬ್ಬರು ಅರ್ಧ ಗಂಟೆ ಕೂತು ಕೇಳಿದರು. ಬಿಳಿ ಕೋಟಿನ ಮೇಲೆ ಹೆಸರು, ಅದರ ಮುಂದೆ ಎನ್‌ಪಿ (ನರ್ಸ್ ಪ್ರಾಕ್ಟೀಷನರ್) ಅಂತ ಸ್ಪಷ್ಟವಾಗಿ ಇತ್ತು. ಎಲ್ಲ ಕೇಳಿ, ನೋಡಿ, ಔಷಧಿ ಹೇಳಿದ ಮೇಲೆ ನಾನು ಕೇಳಿದ್ದು, "ಸರಿ, ಡಾಕ್ಟರ್ ಯಾವಾಗ ಬರ್ತಾರೆ?" ಅವರು ನಕ್ಕರು. ದಿನಕ್ಕೆ ನಾಲ್ಕು ಸಲ ನಕ್ಕು ರೂಢಿಯಾದವರ ನಗು. ಸಪಾದ ತಿನ್ನುವಾಗ ಆ ಹಿರಿಯರ ಮೇಲೆ ಅಷ್ಟೊಂದು ಸಿಟ್ಟು ಬರಲು ಅದೂ ಒಂದು ಕಾರಣ ಇರಬಹುದು.

ಅಮ್ಮ ಹೋದ ತಿಂಗಳು ವಾಪಸ್ ಹೋದಳು. ನಿನ್ನೆ ವಿಡಿಯೋ ಕಾಲ್ ಮಾಡಿದರೆ ಪಕ್ಕದ ಮನೆಯವರಿಗೆ ಕಾಲು ತೋರಿಸಿಕೊಂಡು ಕೂತಿದ್ದಾಳೆ. "ಅಮೆರಿಕದ ದೊಡ್ಡ ಡಾಕ್ಟ್ರು ಒಂದೇ ಸಲಕ್ಕೆ ಕಂಡುಹಿಡಿದುಬಿಟ್ರು ಕಣ್ರೀ."

"ಅಮ್ಮಾ, ಅವರು ನರ್ಸ್ ಪ್ರಾಕ್ಟೀಷನರ್."

"ನೀನು ಸುಮ್ನಿರು. ನರ್ಸ್ ಅಂದ್ರೆ ಇಲ್ಲಿ ಯಾರು ನಂಬ್ತಾರೆ?"